ಒಂದು ಬಡಿತ ಹೌದು, ಎರಡು ಬಡಿತ ಇಲ್ಲ

ಮೂವತ್ತೊಂದು ವರ್ಷ ಊರಿನ ಪುಸ್ತಕಗಳ ಮುರಿದ ಬೆನ್ನನ್ನೆಲ್ಲ ನೆಟ್ಟಗೆ ಮಾಡಿದ ಮನುಷ್ಯನಿಗೆ, ಕಡೆಗೆ ಒಂದು ಪುಸ್ತಕದ ದೆಸೆಯಿಂದ ಕಟ್ಟಿಕೊಂಡ ಹೆಂಡತಿಯೇ ಬೆನ್ನು ತಿರುಗಿಸಿ ಕೂತಳು ಎಂದರೆ ಇದಕ್ಕಿಂತ ಅನ್ಯಾಯ ಇನ್ನೊಂದುಂಟೇ? ನಮ್ಮ ಬೈಂಡರು ಆ ವಾರವೆಲ್ಲ ಸಿಕ್ಕವರ ಮುಂದೆಲ್ಲ ಈ ದೂರನ್ನು ತೋಡಿಕೊಂಡರು. ಸಿಕ್ಕವರು ಛೆ ಪಾಪ ಎಂದು ತಲೆಯಾಡಿಸಿ, ಅದು ಯಾವ ಪುಸ್ತಕ ಸ್ವಾಮಿ ಎಂದು ಹೆಸರು ಕೇಳಿಕೊಂಡು ಹೋಗುತ್ತಿದ್ದರು. ದೂರು ಇದ್ದಲ್ಲೇ ಇತ್ತು. ಗ್ರಂಥಾಲಯದಲ್ಲಿ ಆ ಪುಸ್ತಕಕ್ಕೆ ಹೆಸರು ಬರೆಸಿದವರ ಪಟ್ಟಿ ಮಾತ್ರ ಬೆಳೆಯುತ್ತಾ ಹೋಯಿತು.

ಬೈಂಡರಿಗೂ ಓದಿಗೂ ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ. ಬೈಂಡ್ ಮಾಡುವವನು ಓದಲು ಕೂತರೆ ಕೆಲಸ ಕೆಟ್ಟಿತೆಂದೇ ಲೆಕ್ಕ ಎಂದು ಕೆಲಸ ಕಲಿಸಿದ ಗುರುಗಳು ಮೊದಲ ದಿನವೇ ಕಿವಿ ಹಿಂಡಿ ಹೇಳಿದ್ದರು. ಅಂದಿನಿಂದ ಅವರು ಪುಸ್ತಕದ ತೂಕ ನೋಡಿದರು, ಕಾಗದದ ಜಾತಿ ನೋಡಿದರು, ಅಕ್ಷರ ನೋಡಲಿಲ್ಲ. ಪುಟಸಂಖ್ಯೆಯ ಕಡೆಗೂ ಕಣ್ಣು ಹಾಯಿಸಿದವರಲ್ಲ. (ಪುಟಸಂಖ್ಯೆ ಓದುಗರಿಗೆ, ಬೈಂಡರಿಗಲ್ಲ ಎಂಬುದು ಅವರ ಘೋಷಣೆ.) ಪುಸ್ತಕವೆಂದರೆ ಹದಿನಾರು ಹದಿನಾರು ಪುಟಗಳ ಮಡಿಕೆಗಳು, ಒಂದೊಂದು ಮಡಿಕೆಯೂ ಒಂದೊಂದು ಫಾರಂ. ಪ್ರತಿ ಫಾರಮ್ಮಿನ ಬೆನ್ನಿನ ಮೇಲೆ ಪ್ರೆಸ್ಸಿನವರು ಒಂದು ಕಪ್ಪು ಗುರುತು ಹಾಕಿರುತ್ತಾರೆ. ಫಾರಮ್ಮುಗಳನ್ನು ಸರಿಯಾಗಿ ಪೇರಿಸಿದರೆ ಆ ಗುರುತುಗಳು ಮೆಟ್ಟಿಲುಮೆಟ್ಟಿಲಾಗಿ ಇಳಿಯುತ್ತವೆ. ಮೆಟ್ಟಿಲು ಸರಿಯಿದ್ದರೆ ಪುಸ್ತಕ ಸರಿ. ಈ ಒಂದು ವಿದ್ಯೆಯ ಬಲದಿಂದ ಅವರು ಮದುವೆಮನೆ, ಸಾವಿನ ಮನೆ ಎನ್ನದೆ ಎಲ್ಲ ಕಡೆಯೂ ಹೇಳುತ್ತಿದ್ದ ಮಾತೊಂದಿತ್ತು. "ನನ್ನ ಕೈಯಿಂದ ಇವತ್ತಿನವರೆಗೆ ಒಂದೇ ಒಂದು ಪುಟ ಹಿಂದುಮುಂದಾಗಿಲ್ಲ." ಮನುಷ್ಯ ಬೇರೇನೂ ಸಂಪಾದಿಸಿರಲಿಲ್ಲ, ಇದ್ದ ಆಸ್ತಿ ಅದೊಂದೇ.

ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಕಿಟಕಿಯ ಹತ್ತಿರ ಕಟಿಂಗ್ ಮೆಷಿನ್, ನಡುವೆ ಮೇಜು, ಮೇಜಿನ ಮೇಲೆ ಅಂಟಿನ ಡಬ್ಬಿ, ಪಕ್ಕದಲ್ಲಿ ರಟ್ಟು ಕಾಗದ ತುಂಬಿದ ಸಣ್ಣ ಕತ್ತಲೆಕೋಣೆ. ಆ ಕೋಣೆಯ ಬಾಗಿಲಿಗೆ ಒಂದು ಚಾಳಿ. ಗಾಳಿಗೆ ಬಡಿದುಕೊಂಡರೆ ಹೊರಗಿನ ಚಿಲಕ ತಾನಾಗಿ ಬಿದ್ದುಬಿಡುತ್ತಿತ್ತು. ಅದನ್ನು ಸರಿಮಾಡಿ ಎಂದು ಹೆಂಡತಿ ಮೂರು ತಿಂಗಳಿಂದ ಹೇಳುತ್ತಿದ್ದಳು. ನಾಳೆ ಎಂದು ಅವರು ಮೂರು ತಿಂಗಳಿಂದ ಒಪ್ಪುತ್ತಿದ್ದರು. ಫಾರಮ್ಮುಗಳನ್ನು ದಾರದಿಂದ ಹೊಲಿಯುವ ಕೆಲಸ ಹೆಂಡತಿಯದು. ಓದುಗರು ಕಿವಿ ಮಡಿಸಿಟ್ಟ ಪುಟಗಳನ್ನು ಒತ್ತಿ ಒತ್ತಿ ನೆಟ್ಟಗೆ ಮಾಡುವುದು ಎಪ್ಪತ್ತೆಂಟರ ತಾಯಿಯವರ ಕೆಲಸ. ಅತ್ತೆ ಸೊಸೆ ಇಬ್ಬರೂ ಕೆಲಸದ ನಡುವೆ ಕದ್ದುಮುಚ್ಚಿ ಓದುವವರು. ಬೈಂಡರು ಗೊಣಗುತ್ತಿದ್ದರು, ಅವರು ಓದುತ್ತಿದ್ದರು. ಸಂಸಾರ ಸುಸೂತ್ರವಾಗಿ ನಡೆದಿತ್ತು.

ಆ ಸೋಮವಾರ ಗ್ರಂಥಪಾಲಕಿ ಖುದ್ದಾಗಿ ಬಂದು, ದಾರದಲ್ಲಿ ಕಟ್ಟಿದ ಒಂದು ಪುಸ್ತಕವನ್ನು ಮೇಜಿನ ಮೇಲಿಟ್ಟಳು. 'ಕಡಿದ ತಂತಿಯ ಕರೆ' ಎಂಬ ದೆವ್ವದ ಕಾದಂಬರಿ. ಓದಿದವರ ಕೈ ನಡುಗಿ ನಡುಗಿಯೇ ಬೆನ್ನು ಮುರಿದಿದೆ ಎಂದಳು. ಇಪ್ಪತ್ತಮೂರು ಜನ ಕಾಯುತ್ತಿದ್ದಾರೆ, ಶನಿವಾರ ನಾಲ್ಕು ಗಂಟೆಗೆ ಬೇಕೇಬೇಕು ಎಂದು ಹೇಳಿಹೋದಳು. ಬೈಂಡರು ಹಳೆಯ ಹೊಲಿಗೆ ಬಿಚ್ಚಿ, ಹದಿನೆಂಟು ಫಾರಮ್ಮುಗಳ ಹರಿದ ಬೆನ್ನಿಗೆ ತೆಳುಕಾಗದದ ಪಟ್ಟಿ ಅಂಟಿಸಿ, ಒಣಗಿಸಿ, ಹೊಲಿಯಲೆಂದು ಹೆಂಡತಿಯ ಮುಂದಿಟ್ಟರು. ಪಟ್ಟಿಯ ಅಡಿಯಲ್ಲಿ ಕಪ್ಪು ಗುರುತುಗಳು ಮುಚ್ಚಿಹೋದವು. ಕಟ್ಟು ಕ್ರಮವಾಗಿಯೇ ಇತ್ತಲ್ಲ, ಚಿಂತೆಯೇನು?

ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ದಾರ ಪೋಣಿಸಿದ ಸೂಜಿ ಹೆಂಡತಿಯ ಬಲಗೈಯಲ್ಲಿ ಗಾಳಿಯಲ್ಲೇ ನಿಂತಿದೆ. ಎಡಗೈಯಲ್ಲಿ ಎರಡನೆಯ ಫಾರಂ.

ಕಥೆ ಒಂದು ಟೆಲಿಫೋನ್ ಎಕ್ಸ್‌ಚೇಂಜಿನದು. ಅಲ್ಲಿ ಕೆಲಸ ಮಾಡುವ ಹುಡುಗಿಗೆ, ಎಂದೋ ಕಡಿದುಹಾಕಿದ ಒಂದು ಲೈನಿನಲ್ಲಿ ಟಕ್ ಟಕ್ ಎಂದು ಬಡಿಯುವ ಸದ್ದು ಕೇಳುತ್ತದೆ. ಯಾರಾದರೂ ಇದ್ದೀರಾ ಎಂದರೆ ಒಂದು ಬಡಿತ, ಹೌದು. ಬೇರೆ ಊರಿಂದಲೇ ಎಂದರೆ ಎರಡು ಬಡಿತ, ಇಲ್ಲ. ಯಾಕೆ, ಹೇಗೆ ಎಂದರೆ ಮೌನ. ಅಲ್ಲಿನ ಮುದಿ ಸೂಪರ್‌ವೈಸರು ಕಾಣೆಯಾಗಿ ನಾಲ್ಕು ದಿನ. ಹುಡುಗಿ ಎದೆ ಗಟ್ಟಿಮಾಡಿಕೊಂಡು, ನೀವು ಸತ್ತಿದ್ದೀರಾ ಎಂದು ಕೇಳುತ್ತಾಳೆ. ಎರಡು ಬಡಿತ. ಅಯ್ಯೋ ಪಾಪ, ತಾನು ಸತ್ತದ್ದು ದೆವ್ವಕ್ಕೇ ಗೊತ್ತಿಲ್ಲ ಎಂದು ಎಕ್ಸ್‌ಚೇಂಜಿನವರೆಲ್ಲ ಕಣ್ಣೀರಿಡುತ್ತಾರೆ. ಈ ಕಥೆ ಮೊದಲು ವಾರಕ್ಕೊಂದು ಕಂತಾಗಿ ಬಂದದ್ದಂತೆ. ಹಾಗಾಗಿ ಒಂದು ಫಾರಮ್ಮಿಗೆ ಸರಿಯಾಗಿ ಒಂದು ಅಧ್ಯಾಯ. ಅಧ್ಯಾಯಕ್ಕೆ ಸಂಖ್ಯೆಯಿಲ್ಲ, ತಲೆಯ ಮೇಲೆ ಒಂದು ಟೆಲಿಫೋನಿನ ಚಿತ್ರ ಮಾತ್ರ. ಪ್ರತಿ ಅಧ್ಯಾಯದ ಕೊನೆಗೆ ಮುಂದೇನು ಎಂಬ ಪ್ರಶ್ನೆ.

ಅಂದು ಮಧ್ಯಾಹ್ನ ಬೈಂಡರು ಊಟ ಆಯಿತೇ ಎಂದು ಕೇಳಿದರು. ಹೆಂಡತಿ ತಲೆಯೆತ್ತಲಿಲ್ಲ. ಹೊಲಿಯುವಾಗ ಬೆರಳಿಗೆ ಹಾಕಿಕೊಳ್ಳುವ ಹಿತ್ತಾಳೆ ಟೋಪಿಯಿಂದ ಮೇಜನ್ನು ಎರಡು ಸಲ ಬಡಿದಳು. ಇದೇನು ಹೊಸ ಭಾಷೆ ಎಂದು ಅವರು ಬೆರಗಾಗಿ ನಿಂತಾಗ ತಾಯಿಯವರು ಕನ್ನಡಕದ ಮೇಲಿಂದ ನೋಡಿ, ಎರಡು ಬಡಿದರೆ ಇಲ್ಲ ಅಂತ ಅರ್ಥ ಕಣೋ ಎಂದು ಭಾಷ್ಯ ಹೇಳಿದರು. ಸಂಜೆಯ ಹೊತ್ತಿಗೆ ಮನೆಯಲ್ಲಿ ಮಾತೇ ನಿಂತುಹೋಯಿತು. ಟೀ ಇದೆಯಾ? ಟಕ್. ಸಕ್ಕರೆ ಹಾಕಿದ್ದೀಯಾ? ಟಕ್ ಟಕ್. ಯಾಕೆ ಹಾಕಿಲ್ಲ? ಮೌನ. ಸಂಸಾರದಲ್ಲಿ ಗಂಡನಾದವನು ಕೇಳುವುದೆಲ್ಲ 'ಯಾಕೆ' ಎಂಬ ಪ್ರಶ್ನೆಯೇ ಎಂಬುದು ಅವರಿಗೆ ಆಗಲೇ ಗೊತ್ತಾದದ್ದು.

ಇದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಇನ್ನೊಂದು. ಅತ್ತೆ ಸೊಸೆ ಆ ಹುಡುಗಿಯ ವಿಷಯ ಪಿಸುಗುಟ್ಟುತ್ತಿರುವರು, ಇವರು ಒಳಗೆ ಬಂದೊಡನೆ ಬಾಯಿ ಮುಚ್ಚುವರು. ತನ್ನ ಮನೆಯಲ್ಲಿ, ತನ್ನ ಮೇಜಿನ ಮೇಲೆ, ತಾನೇ ಅಂಟಿಸಿದ ಪುಸ್ತಕದಲ್ಲಿ ಏನಿದೆ ಎಂಬುದು ತನಗೊಬ್ಬನಿಗೇ ಗೊತ್ತಿಲ್ಲ! ಬೈಂಡರು ಮಂಗಳವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ಸಂಕಲ್ಪ ಮಾಡಿದರು. ಶನಿವಾರ ನಾಲ್ಕರೊಳಗೆ ಈ ಕಾದಂಬರಿಯನ್ನು ಓದಿಯೇ ತೀರುವುದು. ಗುರುಗಳು ಕ್ಷಮಿಸಲಿ.

ಮೊದಲು ಅವರ ಕೈಗೆ ಬಂದದ್ದು ತಾಯಿಯವರು ಕೊಟ್ಟ ಫಾರಂ. ತಾಯಿಯವರಿಗೆ ಒಂದು ಅಭ್ಯಾಸ. ಯಾವ ಕಥೆಯಾದರೂ ಕೊನೆಯ ಅಧ್ಯಾಯವನ್ನೇ ಮೊದಲು ಓದುವರು. ಈ ವಯಸ್ಸಿನಲ್ಲಿ ಕೊನೆ ಗೊತ್ತಿಲ್ಲದ ಕಥೆ ಶುರು ಮಾಡೋಕೆ ನನಗೇನು ಹುಚ್ಚೇ ಎನ್ನುವರು. ಓದಿ ಮುಗಿಸಿದ್ದನ್ನು ಮಗ ಕೇಳಿದ, ಕೊಟ್ಟರು. ಬೈಂಡರು ಪುಟಸಂಖ್ಯೆ ನೋಡುವವರೇ? ಅದರಲ್ಲಿ ಎಕ್ಸ್‌ಚೇಂಜಿನ ಹಿಂದಿನ ಕೇಬಲ್ ಕೋಣೆಯ ಬಾಗಿಲು ಒಡೆಯುತ್ತಾರೆ, ಒಳಗೆ ಸೂಪರ್‌ವೈಸರ ಹೆಣ, ಬೆರಳ ಗೆಣ್ಣುಗಳೆಲ್ಲ ಜಜ್ಜಿಹೋಗಿವೆ, ಹುಡುಗಿ "ನಾನು ಕೇಳಬೇಕಾಗಿತ್ತು" ಎಂದು ಅಳುತ್ತಾಳೆ. ಆಹಾ, ಎಂಥ ಆರಂಭ ಎಂದು ಅವರ ಮೈ ಬಿಸಿಯಾಯಿತು. ಆಮೇಲೆ ಯಾವ ಫಾರಂ ಬಿಡುವಾಗಿದ್ದರೆ ಅದನ್ನು ಎತ್ತಿಕೊಂಡರು. ಅಂಟು ಕಾಯಿಸುತ್ತಾ ಓದಿದರು, ಕ್ಷೌರದಂಗಡಿಯಲ್ಲಿ ಅರ್ಧ ಮುಖಕ್ಕೆ ಸೋಪು ಬಳಿದುಕೊಂಡು ಓದಿದರು, ಗಿರಾಕಿಯೊಬ್ಬನಿಗೆ ನಿಘಂಟಿನ ಬದಲು ಅಡುಗೆ ಪುಸ್ತಕ ಕಟ್ಟಿಕೊಟ್ಟರು. ಶುಕ್ರವಾರ ಸಂಜೆಗೆ ಹದಿನೆಂಟೂ ಮುಗಿದವು. ಮೂವತ್ತೊಂದು ವರ್ಷ ಇದನ್ನೆಲ್ಲ ಬರೀ ಅಂಟು ಹಾಕಿ ಕಳಿಸಿಬಿಟ್ಟೆನಲ್ಲ ಎಂದು ಅವರಿಗೆ ನಿಜವಾಗಿ ಹೊಟ್ಟೆ ಉರಿಯಿತು.

ಶನಿವಾರ ಬೆಳಿಗ್ಗೆ ಇನ್ನೂ ಒಂದು ಹೊಲಿಗೆ ಬಿದ್ದಿರಲಿಲ್ಲ. ಹೊಲಿದ ಮೇಲೆ ಅಂಚು ಕತ್ತರಿಸುವುದು ಪದ್ಧತಿ. ಹೊತ್ತು ಉಳಿಸಲೆಂದು ಬೈಂಡರು ಬಿಡಿ ಫಾರಮ್ಮುಗಳನ್ನೇ ಸಿಕ್ಕ ಹಾಗೆ ಗುಡ್ಡೆಹಾಕಿ ಮೆಷಿನ್ನಿಗಿಟ್ಟರು. ಕಣ್ಣು ಅಲಗಿನ ಮೇಲಿತ್ತು, ಮನಸ್ಸು ಎಕ್ಸ್‌ಚೇಂಜಿನಲ್ಲಿತ್ತು. ಕೈ ಒಂದು ಬೆರಳಿನಷ್ಟು ಹೆಚ್ಚಿಗೆ ಸರಿಯಿತು. ಕರಕ್ ಎಂದು ಕೆಳಗೆ ಬಿದ್ದ ಕಾಗದದ ಪಟ್ಟಿಗಳನ್ನು ತಾಯಿಯವರು ಎತ್ತಿ ನೋಡಿ, ಇದೇನೋ ಇದರ ತುಂಬ ಅಂಕಿ ಇದೆ ಎಂದರು. ಹದಿನೆಂಟು ಫಾರಮ್ಮಿನ ಅಷ್ಟೂ ಪುಟಸಂಖ್ಯೆಗಳು ನೆಲದ ಮೇಲೆ ಸುರುಳಿ ಸುರುಳಿಯಾಗಿ ಬಿದ್ದಿದ್ದವು. ಬೆನ್ನಿನ ಗುರುತು ಪಟ್ಟಿಯ ಅಡಿಯಲ್ಲಿ. ಗುಡ್ಡೆ ಅಸ್ತವ್ಯಸ್ತ.

ಬೈಂಡರು ಸುರುಳಿಗಳನ್ನು ಬಾಚಿ ಬದಿಗೆ ತಳ್ಳಿದರು. ಬಿಡುವ ಆಸಾಮಿಯಲ್ಲ. ಕಥೆ ಗೊತ್ತಿದೆಯಲ್ಲ, ಕಥೆಯ ಆಧಾರದ ಮೇಲೆ ಜೋಡಿಸಿದರಾಯಿತು ಎಂದು ಮೂವರೂ ನೆಲದ ಮೇಲೆ ಕೂತರು. ಹದಿನೇಳು ಫಾರಮ್ಮುಗಳನ್ನು ಹೆಂಗಸರಿಬ್ಬರು ಕಣ್ಣುಮುಚ್ಚಿ ಜೋಡಿಸಿದರು. ಉಳಿದದ್ದು ಹೆಣದ ಫಾರಂ. ಹೆಂಡತಿ ಅದನ್ನು ಕೊನೆಗೆ ಇಟ್ಟಳು. ಬೈಂಡರು ಎತ್ತಿ, ಸೂಪರ್‌ವೈಸರು ಕಾಣೆಯಾಗುವ ಮೊದಲ ಫಾರಮ್ಮಿನ ಬೆನ್ನಿಗೇ, ಎರಡನೆಯ ಜಾಗಕ್ಕೆ ಸೇರಿಸಿದರು.

"ಅದು ಕೊನೇದು ರೀ," ಎಂದಳು ಹೆಂಡತಿ.

"ಕೊನೇದೇ ಕಣೋ. ನಾನು ಮೊದಲು ಓದಿದ್ದೇ ಅದನ್ನ," ಎಂದರು ತಾಯಿಯವರು.

"ಮೊದಲು ಓದಿದ್ದು ಕೊನೇದು ಹೇಗಾಗುತ್ತಮ್ಮ?" ಬೈಂಡರು ನ್ಯಾಯಾಧೀಶರ ಗತ್ತಿನಲ್ಲಿ ಕೇಳಿದರು. "ಸಾಯದೆ ಯಾರಾದರೂ ದೆವ್ವ ಆಗ್ತಾರಾ? ಮೊದಲು ಸಾಯಬೇಕು, ಆಮೇಲೆ ಬಡೀಬೇಕು."

"ಆ ಸೂಪರ್‌ವೈಸರ್ ಬದುಕಿದ್ದಾಗಲೇ ಬಡೀತಿದ್ದ ರೀ. ಒಳಗೆ ಸಿಕ್ಕಿಹಾಕ್ಕೊಂಡು ಬಾಗಿಲು ತೆಗೀರಿ ಅಂತ ಬಡೀತಿದ್ದ. ಇವರು ದೆವ್ವ ದೆವ್ವ ಅಂತ ಪ್ರಶ್ನೆ ಕೇಳ್ತಾ ಕೂತ್ರು, ಯಾರೂ ತೆಗೀಲಿಲ್ಲ. ಕೊನೆಗೆ ತೆಗೆಯೋ ಹೊತ್ತಿಗೆ ಹೋಗಿಬಿಟ್ಟಿದ್ದ. ಅದೇ ಅಲ್ವಾ ಕಥೆ?"

ಹಾಗಾದರೆ ದೆವ್ವ ಎಲ್ಲಿದೆ, ದೆವ್ವವೇ ಇಲ್ಲದ ಕಾದಂಬರಿಯನ್ನು ಗ್ರಂಥಾಲಯದವರು ದೆವ್ವದ ಸಾಲಿನಲ್ಲಿ ಯಾಕೆ ಇಟ್ಟಿದ್ದಾರೆ ಎಂದು ಬೈಂಡರು ವಾದ ಹೂಡಿದರು. ಹೆಂಡತಿ ಜಜ್ಜಿದ ಗೆಣ್ಣಿನ ಮಾತೆತ್ತಿದಳು. ವಯಸ್ಸಾದವರ ಗೆಣ್ಣು ಹಾಗೇ ಇರುತ್ತದೆ ಎಂದು ಇವರು ತಾಯಿಯ ಗೆಣ್ಣು ತೋರಿಸಿದರು. ತಾಯಿಯವರು ಕೈ ಕಸಿದುಕೊಂಡರು. ವಾದ ಹನ್ನೆರಡು ಗಂಟೆಗೆ ಶುರುವಾಗಿ ಒಂದೂವರೆಗೂ ನಡೆಯಿತು. ಅತ್ತೆ ಸೊಸೆ ಒಂದೇ ಮಾತಿಗೆ ನಿಂತದ್ದು ಆ ಮನೆಯ ಚರಿತ್ರೆಯಲ್ಲಿ ಅದೇ ಮೊದಲು. ಆಗಲಾದರೂ ಎಚ್ಚೆತ್ತುಕೊಳ್ಳಬೇಕಿತ್ತು. ಅದರ ಬದಲು ಬೈಂಡರು ಎದ್ದು ನಿಂತು ಬ್ರಹ್ಮಾಸ್ತ್ರ ಬಿಟ್ಟರು.

"ಈ ಮನೇಲಿ ಬೈಂಡರ್ ಯಾರು?"

ಹೆಂಡತಿ ಸೂಜಿಗೆ ದಾರ ಪೋಣಿಸಿ, ಅವರು ಪೇರಿಸಿದ ಹಾಗೆಯೇ, ಮುಖ ಮೇಲೆತ್ತದೆ ಹೊಲಿದು ಕೊಟ್ಟಳು. ಅಷ್ಟು ಸುಲಭವಾಗಿ ಗೆದ್ದದ್ದು ಬೈಂಡರಿಗೇ ಕೊಂಚ ವಿಚಿತ್ರವೆನ್ನಿಸಿತು. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಪುಸ್ತಕ ಹೊಸ ರಟ್ಟು ತೊಟ್ಟು ಗ್ರಂಥಾಲಯ ಸೇರಿತು.

ಮೂರು ವಾರದ ಮೇಲೆ ಗ್ರಂಥಪಾಲಕಿ ಹೇಳಿಕಳಿಸಿದಳು. ಬೈಂಡರು ಇಸ್ತ್ರಿ ಅಂಗಿ ಹಾಕಿಕೊಂಡು ಹೋದರು. ಆಕೆ ಅವರನ್ನು ಕಂಡೊಡನೆ ಎದ್ದು ನಿಂತಳು. ಈ ಪುಸ್ತಕ ತೆಗೆದುಕೊಂಡು ಹೋದವರು ಮುಖ ಬೆಳ್ಳಗೆ ಮಾಡಿಕೊಂಡು ವಾಪಸು ಬರುತ್ತಿದ್ದಾರೆ ಎಂದಳು. ಎರಡನೆಯ ಅಧ್ಯಾಯದಲ್ಲೇ ಹೆಣ ತೋರಿಸಿ, ಆಮೇಲೆ ಅದೇ ಮನುಷ್ಯನಿಂದ ನಾನು ಸತ್ತಿಲ್ಲ ಎಂದು ಬಡಿಸುತ್ತಾರಲ್ಲ, ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ ಎಂದು ತೋಳು ತೋರಿಸಿದಳು. ಬೈಂಡರು ವಿನಯದಿಂದ, ಕಥೆ ತಮ್ಮದೇ ಎಂಬಂತೆ, ತಲೆ ಬಾಗಿಸಿದರು.

"ಆದರೆ ಬೈಂಡರೇ, ಮೊನ್ನೆ ಇನ್ನೊಂದು ಪ್ರತಿ ತರಿಸಿದೆ. ಹೊಸಾದು. ಯಾರೋ ದಡ್ಡರು ಕಟ್ಟಿದ್ದಾರೆ. ಹೆಣದ ಅಧ್ಯಾಯವನ್ನ ಕೊನೆಗೆ ಹಾಕಿಬಿಟ್ಟಿದ್ದಾರೆ. ಓದಿದವರೆಲ್ಲ ದೆವ್ವಾನೇ ಇಲ್ಲ, ಮೋಸ ಅಂತ ಜಗಳ ಆಡ್ತಿದ್ದಾರೆ. ನೀವು ಮಾಡಿದ ಹಾಗೆ ಇದನ್ನೂ ಸರಿ ಮಾಡಿಕೊಡಿ. ಪ್ರಕಾಶಕರಿಗೂ ಒಂದು ಕಾಗದ ಬರೀತೀನಿ, ನಿಮ್ಮನ್ನ ನೋಡಿ ಕಲೀಲಿ."

ಬೈಂಡರು ಹೊಸ ಪ್ರತಿಯನ್ನು ಎತ್ತಿಕೊಂಡು, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಪುಟಸಂಖ್ಯೆ ನೋಡಿದರು. ಇನ್ನೂರ ಎಪ್ಪತ್ತೆರಡಕ್ಕೆ ಲೈನು ನಿಶ್ಶಬ್ದವಾಗುತ್ತದೆ. ಇನ್ನೂರ ಎಪ್ಪತ್ತಮೂರಕ್ಕೆ ಬಾಗಿಲು ಒಡೆಯುತ್ತಾರೆ. ಅಚ್ಚಿನ ಅಂಕಿ ಅವರನ್ನೇ ದಿಟ್ಟಿಸಿ ನೋಡುತ್ತಿತ್ತು. ಒಂದು ಪುಟವಲ್ಲ, ಹದಿನಾರು ಪುಟ ಹಿಂದುಮುಂದಾಗಿದ್ದವು. ಮಾಡಿದವರು ತಾವೇ. ಇದ್ದ ಒಂದೇ ಆಸ್ತಿ ಹೋಗಿತ್ತು. ಹೇಳಿಬಿಡಲೇ ಎಂದು ಬಾಯಿ ತೆರೆದರು. ಬೆವೆತ ಕೈಯಿಂದ ಪುಸ್ತಕ ಜಾರಿ ಮೇಜಿನ ಮೇಲೆ ಬಿತ್ತು. ಧಡ್.

"ಒಂದು ಬಡಿತ. ಹೌದು ಅಂತಾಯ್ತು," ಎಂದು ಗ್ರಂಥಪಾಲಕಿ ನಕ್ಕು ರಿಜಿಸ್ಟರಿನಲ್ಲಿ ಬರೆದುಕೊಂಡಳು.

ದಾರಿಯುದ್ದಕ್ಕೂ ಬೈಂಡರು ಒಂದೇ ನಿರ್ಧಾರ ಮಾಡಿಕೊಂಡು ಬಂದರು. ಲೋಕಕ್ಕೆ ಗೊತ್ತಾದರೂ ಆಗಲಿ, ಮನೆಯ ಹೆಂಗಸರಿಗೆ ಗೊತ್ತಾಗಬಾರದು. ತಲೆ ಹೋದರೂ ಒಪ್ಪಿಕೊಳ್ಳಬಾರದು. ಮನೆಯಲ್ಲಿ ಅತ್ತೆ ಸೊಸೆ ಒಳಗೆ ಪಾತ್ರೆ ಜೋಡಿಸುತ್ತಿದ್ದರು. ಬೈಂಡರು ಪುಸ್ತಕವನ್ನು ಅಂಗಿಯೊಳಗೆ ತುರುಕಿಕೊಂಡು, ಅದನ್ನು ಬಚ್ಚಿಡಲು ಬೆಕ್ಕಿನ ಹೆಜ್ಜೆಯಲ್ಲಿ ಕಾಗದದ ಕತ್ತಲೆಕೋಣೆಗೆ ನುಗ್ಗಿದರು. ಹಿಂದೆಯೇ ಗಾಳಿ ಬೀಸಿತು. ಬಾಗಿಲು ಬಡಿದುಕೊಂಡಿತು. ಹೊರಗೆ ಚಿಲಕ ಬಿದ್ದ ಸದ್ದು ಕೇಳಿತು.

ತಳ್ಳಿದರು, ಎಳೆದರು, ಕತ್ತಲೆಯಲ್ಲಿ ರಟ್ಟಿನ ಕಟ್ಟು ಕಾಲಮೇಲೆ ಕೆಡವಿಕೊಂಡರು. ಕೂಗಿದರೆ ಒಳಗೆ ಯಾಕೆ ಹೋದದ್ದು ಎಂಬ ಪ್ರಶ್ನೆ ಬರುತ್ತದೆ. ಕಾಲು ಗಂಟೆ ಸಹಿಸಿ, ಕಡೆಗೆ ಬಾಗಿಲು ಬಡಿದರು.

ಹೊರಗೆ ಎರಡು ಜೊತೆ ಹೆಜ್ಜೆಗಳು ಬಂದು ನಿಂತವು. "ಯಾರಾದರೂ ಇದ್ದೀರಾ?" ಎಂದಳು ಹೆಂಡತಿ, ಥೇಟು ಎಕ್ಸ್‌ಚೇಂಜಿನ ಹುಡುಗಿಯ ದನಿಯಲ್ಲಿ.

"ನಾನು ಕಣೇ! ಬಾಗಿಲು ತೆಗಿ!"

"ಮಾತಾಡಬೇಡಿ. ಬಡೀರಿ."

ಬೈಂಡರು ಹಲ್ಲು ಕಚ್ಚಿ ಒಂದು ಸಲ ಬಡಿದರು.

"ನೀವು ಸತ್ತಿದ್ದೀರಾ?"

ಎರಡು ಬಡಿತ.

"ಅಂಗಿಯೊಳಗೆ ಪುಸ್ತಕ ಇಟ್ಟುಕೊಂಡು ಒಳಗೆ ಹೋದಿರಲ್ಲ, ಅದು ಅದೇ ಕಾದಂಬರಿನಾ?"

ಅಡುಗೆಮನೆಯ ಬಾಗಿಲಿಂದ ಎಲ್ಲವೂ ಕಾಣುತ್ತದೆಂಬುದು ಬೈಂಡರಿಗೆ ಆಗ ಹೊಳೆಯಿತು. ಒಂದು ಬಡಿತ.

"ಆವತ್ತು ನಾನೂ ಅತ್ತೇನೂ ಹೇಳಿದ ಜೋಡಣೆಯೇ ಸರಿ ಇತ್ತಾ?"

ಒಳಗೆ ಸದ್ದಿಲ್ಲ. ಬೈಂಡರು ಕತ್ತಲೆಯಲ್ಲಿ ಮೂವತ್ತೊಂದು ವರ್ಷವನ್ನು ನೆನೆದು ನಿಂತಿದ್ದರು. ಹೊರಗೆ ತಾಯಿಯವರು, "ಗಾಳಿ ಇರಬೇಕು ಕಣಮ್ಮ, ಬಾ ಟೀ ಕುಡಿಯೋಣ" ಎಂದರು. ಹೆಜ್ಜೆಗಳು ದೂರ ಸರಿಯತೊಡಗಿದವು. ಒಳಗಿದ್ದು ಬಡಿಯುವವನ ಕಷ್ಟ ಏನೆಂಬುದು ಆ ಸೂಪರ್‌ವೈಸರನ್ನು ಬಿಟ್ಟರೆ ಅವರೊಬ್ಬರಿಗೇ ಗೊತ್ತು. ಬೈಂಡರು ಕಣ್ಣುಮುಚ್ಚಿ, ಜೋರಾಗಿ, ಒಂದೇ ಒಂದು ಸಲ ಬಡಿದರು.

ಹೆಜ್ಜೆಗಳು ನಿಂತವು. "ಒಂದಾ ಎರಡಾ, ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದು ಸಲ ಬಡಿ ಅನ್ನು," ಎಂದರು ತಾಯಿಯವರು.

ಬೈಂಡರು ಕೈ ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು. ಇನ್ನೊಂದು ಬಡಿದರೆ ಎರಡಾಗುತ್ತದೆ. ಎರಡಾದರೆ ಇಲ್ಲ ಎಂದಾಗುತ್ತದೆ. ಇಲ್ಲ ಎಂದಾದರೆ ಟೀ. ಈ ಭಾಷೆಯಲ್ಲಿ ಹೊರಗೆ ಬರುವ ದಾರಿಯೇ ಇಲ್ಲ ಎಂದು ಮನದಟ್ಟಾದ ಮೇಲೆ ಅವರು ಬಾಗಿಲಿಗೆ ಬಾಯಿ ಹಚ್ಚಿ, ಮನುಷ್ಯರ ಮಾತಿನಲ್ಲಿ, ಒಂದೊಂದೇ ಪದವಾಗಿ ಹೇಳಿದರು.

"ನೀವಿಬ್ಬರೂ ಹೇಳಿದ್ದೇ ಸರಿ. ನಾನು ಜೋಡಿಸಿದ್ದು ತಪ್ಪು."

ಚಿಲಕ ತೆರೆಯಿತು. ಹೆಂಡತಿ ಅವರ ಅಂಗಿಯೊಳಗಿಂದ ಪುಸ್ತಕ ಎಳೆದುಕೊಂಡಳು. ಇದನ್ನು ಯಾರೂ ಮುಟ್ಟಕೂಡದು, ನಾಳೆ ಹೋಗಿ ಗ್ರಂಥಾಲಯದಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿ ಬನ್ನಿ ಎಂದು ಹೇಳಿ, ಮೊದಲ ಪುಟ ತೆರೆದು ಕೂತಳು. ಬೈಂಡರು ಬಾಯಿ ಮುಚ್ಚಿಕೊಂಡು ತಿರುಪುಳಿ ತಂದು, ಮೂರು ತಿಂಗಳಿಂದ ನಾಳೆ ಎನ್ನುತ್ತಿದ್ದ ಚಿಲಕವನ್ನು ಅಲ್ಲೇ ಬಿಚ್ಚತೊಡಗಿದರು. ಆದರೂ ಮನಸ್ಸು ತಡೆಯಲಿಲ್ಲ. ಕೈಯಲ್ಲಿ ತಿರುಪುಳಿ ಹಿಡಿದೇ ಕೇಳಿದರು.

"ತಪ್ಪು ಅಂತ ಗೊತ್ತಿದ್ದೂ ಹಾಗೇ ಹೊಲಿದುಕೊಟ್ಟೆಯಲ್ಲ, ಯಾಕೆ?"

ಮೌನ. ಪುಟ ಮಗುಚಿದ ಸದ್ದು.

ಅವರು ಯೋಚಿಸಿ ಪ್ರಶ್ನೆಯನ್ನು ಸರಿಪಡಿಸಿದರು. "ಹೇಳಿದರೂ ನಾನು ಕೇಳೋನಲ್ಲ ಅಂತಾನಾ?"

ಮೇಜಿನ ಮೇಲೆ ಹಿತ್ತಾಳೆ ಟೋಪಿ ಒಂದು ಸಲ ಟಕ್ಕೆಂದಿತು. ಒಳಮನೆಯಿಂದ ತಾಯಿಯವರ ಊರುಗೋಲೂ ಒಂದು ಸಲ ಟಕ್ಕೆಂದಿತು. ಎರಡನ್ನೂ ಸೇರಿಸಿ 'ಇಲ್ಲ' ಎಂದು ಲೆಕ್ಕ ಹಾಕಿಕೊಳ್ಳಲು ಬೈಂಡರಿಗೆ ಧೈರ್ಯ ಬರಲಿಲ್ಲ.